ಬೆರಕೆ ಸೊಪ್ಪು

ನಮ್ಮೂರಿನಲ್ಲಿ ಔಷಧದ ಅಂಗಡಿ ಇಲ್ಲ, ಸೊಪ್ಪಿನ ಬೀದಿ ಇದೆ. ಹೊರಗಿನಿಂದ ಬಂದವರು ಈ ತುದಿಯಿಂದ ಆ ತುದಿಯವರೆಗೆ ಹುಡುಕಾಡಿ ಸುಸ್ತಾಗಿ ಕೊನೆಗೆ ಯಾರನ್ನಾದರೂ ಕೇಳಿದರೆ ನಾವು ಸೊಪ್ಪಿನ ಬೀದಿಯನ್ನೇ ತೋರಿಸುತ್ತೇವೆ. ಅವರು ನಮ್ಮನ್ನು ಮಂಕುಗಳು ಅಂದುಕೊಂಡು ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ. ಊಟಕ್ಕೆ ಇಷ್ಟು, ಕಾಯಿಲೆಗೆ ಇಷ್ಟು ಅಂತ ನೆಲವೇನು ಪಾಲು ಮಾಡಿಕೊಂಡು ಬೆಳೆಯುತ್ತದೆಯೇ? ರಾಗಿಯನ್ನು ನಂಬಿ ಮುದ್ದೆ ಉಣ್ಣುವವರು ಅದೇ ಹೊಲದ ಬದುವಿನಲ್ಲಿ ಬೆಳೆದ ಎಲೆಯನ್ನು ನಂಬುವುದಕ್ಕೆ ಯಾಕೆ ಹಿಂದೆಮುಂದೆ ನೋಡಬೇಕು ಅನ್ನುವುದು ನಮಗೆ ಇವತ್ತಿಗೂ ಅರ್ಥವಾಗಿಲ್ಲ.

ಮೈಗೆ ಬೇಕಾದ ಸೊಪ್ಪು ನಾಲಿಗೆಗೆ ಸಿಹಿಯಾಗುತ್ತದೆ. ಬೇಡವಾದದ್ದು ಕಹಿಯಾಗುತ್ತದೆ. ಬೇಕೂ ಇಲ್ಲ ಬೇಡವೂ ಇಲ್ಲ ಅನ್ನುವಂಥದ್ದು ಬರೀ ಸಾರು. ಗುಣವಾಗುತ್ತ ಬಂದ ಹಾಗೆ ಸಿಹಿ ಇಳಿಯುತ್ತದೆ. ಒಂದು ದಿನ ಅದೇ ಸೊಪ್ಪು ಬರೀ ಸೊಪ್ಪಾಗಿ ಕಂಡರೆ ಕಾಯಿಲೆ ಹೋಯಿತು ಅಂತ ಅರ್ಥ. ಹಸಿ ಎಲೆ ಜಗಿದರೆ ಏನೂ ತಿಳಿಯುವುದಿಲ್ಲ. ಮನೆಯ ಒಲೆಯ ಮೇಲೆ, ಮನೆಯವರ ಕೈಯಲ್ಲೇ ಬೆಂದು, ಉಪ್ಪು ಬಿದ್ದು, ಮುದ್ದೆಯ ಜೊತೆ ತಟ್ಟೆಗೆ ಬಂದರೆ ಮಾತ್ರ ಎಲೆ ಬಾಯಿ ಬಿಡುತ್ತದೆ. ಬೇಯಿಸಿದವರು ಎದುರಿಗೆ ಕೂತು 'ನಾಲಿಗೆ ಏನಂತು?' ಅಂತ ಕೇಳಬೇಕು. ಉಂಡವರು 'ಒಪ್ಪಿತು' ಅನ್ನಬೇಕು, ಇಲ್ಲವೇ 'ಒಲ್ಲೆ ಅಂತು' ಅನ್ನಬೇಕು. ಕೂಸುಗಳ ವಿಚಾರ ಸುಲಭ, ಒಲ್ಲದ್ದನ್ನು ಮುಖಕ್ಕೇ ಉಗಿಯುತ್ತವೆ. ದೊಡ್ಡವರ ನಾಲಿಗೆ ಏನಂತು ಅನ್ನುವುದನ್ನು ಅವರೇ ಹೇಳಬೇಕು. ಇನ್ನೊಬ್ಬರ ಪರವಾಗಿ ರುಚಿ ನೋಡುವುದು ಯಾರ ಕೈಲೂ ಆಗುವ ಕೆಲಸವಲ್ಲ.

ಹಿಂದೊಮ್ಮೆ ಒಬ್ಬ ಮಾತ್ರೆ ಮಾರಲು ಬಂದಿದ್ದ. ಒಳ್ಳೆಯ ಮನುಷ್ಯ, ಬಿಳಿ ಅಂಗಿ, ನಗುಮುಖ. ಅವನಿಗೆ ಊಟ ಹಾಕಿ, ಅವನ ಮಾತ್ರೆಯನ್ನು ಬಾಯಿಗೂ ಹಾಕಿಕೊಂಡು ನೋಡಿ, 'ಇದು ಮಾತಾಡೋದಿಲ್ವಲ್ಲಪ್ಪ' ಅಂತ ವಾಪಸು ಕೊಟ್ಟೆವು. ಜಗಳವಲ್ಲ. ಎಲ್ಲ ಸೊಪ್ಪಿಗೂ ನಾಲಿಗೆ ಒಲ್ಲೆ ಅಂದುಬಿಟ್ಟರೆ ನಾವೂ ಹೊಳೆಯಾಚೆಯ ಆಸ್ಪತ್ರೆಗೆ ಹೋಗುವವರೇ. ನಮ್ಮ ನೆಲದಲ್ಲಿ ಇಲ್ಲದ್ದು ಅವರ ಹತ್ತಿರ ಇದ್ದೀತು. ಹಾಗೆ ಹೋಗಿ ಬದುಕಿ ಬಂದವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಆದರೆ ನಾಲಿಗೆ ಒಪ್ಪಿದ ಮೇಲೂ ಹೊಳೆ ದಾಟುವುದು ಉಂಟೇ? ಬಡಿಸಿದ ಎಲೆ ಬಿಟ್ಟೆದ್ದು ಪಕ್ಕದ ಮನೆಯಲ್ಲಿ ಹೋಗಿ ಕೂತ ಹಾಗಾಗುತ್ತದೆ. ನಾನು ಹುಟ್ಟಿದ ಮೇಲೆ ಹಾಗೆ ಯಾರೂ ಮಾಡಿದ್ದು ಕೇಳಿಲ್ಲ.

ನಾನು ಗಾದಿ ಹೊಲಿಯುವವನು, ಹೆಸರು ಮುದ್ದಯ್ಯ. ಹತ್ತಿ ಹಿಂಜಿ, ತುಂಬಿ, ಹೊಲಿದು ಈ ಊರಿನ ಅರ್ಧ ಬೆನ್ನುಗಳನ್ನು ಮಲಗಿಸಿದವನು. ಹೆಂಡತಿ ನಿಂಗಾಜಮ್ಮ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ, ನಡುವೆ ಹತ್ತಿಯ ರಾಶಿ. ಮದುವೆಯಾದ ಮೇಲೆ ನಾನು ಅಡುಗೆಮನೆಗೆ ಕಾಲಿಟ್ಟಿದ್ದರೆ ಅದು ಬೀಡಿಗೆ ಕೆಂಡ ತರುವುದಕ್ಕೆ. ಅವಳಿಗೆ ನೆಗಡಿ ಅಂತ ಆದದ್ದೂ ನನಗೆ ನೆನಪಿಲ್ಲ, ಆಗಿದ್ದರೂ ತನಗೆ ತಾನೇ ಬೇಯಿಸಿಕೊಂಡು ತಾನೇ ಒಪ್ಪಿಸಿಕೊಂಡಿರಬೇಕು. ಅಂಥವಳ ಪಾದ ಒಂದು ದಿನ ಊದಿಕೊಂಡಿತು. ಮೊದಲು ಕಾಲುಂಗುರ ಬಿಗಿಯಾಯಿತು ಅಂತ ಸೋಪು ಹಚ್ಚಿ ತೆಗೆದಿಟ್ಟಳು. ಆಮೇಲೆ ಕಣಕಾಲು ಮರೆಯಾಯಿತು. ಆಮೇಲೆ ಒಲೆಯ ಮುಂದೆ ಕೂತರೆ ಏಳಲಾಗದೆ, ಎದ್ದರೆ ಉಸಿರು ಸಿಕ್ಕದೆ, ನಾನೇ ಹೊಲಿದ ಗಾದಿಯ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು. ಬೆರಳಿಂದ ಮೊಣಕಾಲ ಕೆಳಗೆ ಒತ್ತಿದರೆ ಗುಳಿ ಬೀಳುತ್ತಿತ್ತು, ಮೇಲೇಳುತ್ತಲೇ ಇರಲಿಲ್ಲ. ಬೇಯಿಸಿ ಹಾಕುವವನು ಇನ್ನು ನಾನೇ.

ಸೊಪ್ಪಿನ ಬೀದಿಗೆ ಹೋದೆ. ಗಂಡಸರು ಅಲ್ಲಿಗೆ ಹೋಗಬಾರದು ಅಂತೇನಿಲ್ಲ, ಆದರೆ ಹೋಗುವವರು ಕಡಿಮೆ. ಮುಖ್ಯವಾಗಿ ಹೊಂಬಾಳಕ್ಕನ ಕಣ್ಣಿಗೆ ಬೀಳುವುದು ಬೇಡವಾಗಿತ್ತು, ಅವಳ ಕಣ್ಣಿಗೇ ಬಿದ್ದೆ. ಬೀದಿಯ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಾಳೆ, ಊರಿನವರ ಮೈಯೆಲ್ಲ ಅವಳಿಗೆ ಗೊತ್ತು.

"ಏನ್ ಮುದ್ದಣ್ಣ, ದಾರಿ ತಪ್ಪಿ ಬಂದ್ಯಾ?" ಅಂದಳು. "ಯಾರ್ಗೆ ಸೊಪ್ಪು?"

ನಾನು ಒಲೆ ಹಚ್ಚುತ್ತೇನೆ ಅಂತ ಅವಳ ಮುಂದೆ ಒಪ್ಪಿಕೊಳ್ಳುವುದಕ್ಕೆ ಮುಖ ಬರಲಿಲ್ಲ. "ಮನೆಗೆ" ಅಂದೆ.

"ಮನೇಗೆ ಅಂದ್ರೆ ಬೆರಕೆ ಸೊಪ್ಪು ತಗೊಂಡೋಗು. ಇವತ್ತು ಎಳೇದೈತೆ" ಅಂತ ಒಂದು ಕಟ್ಟು ಎಸೆದಳು.

ಬೆರಕೆ ಸೊಪ್ಪು ಅಂದರೆ ಬದುವಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಸೇರಿಸಿ ಕಟ್ಟಿದ್ದು. ಬಸ್ಸಾರಿಗೆ ಅದಕ್ಕಿಂತ ರುಚಿಯಾದದ್ದು ಇಲ್ಲ. ಆದರೆ ಕಾಯಿಲೆಯವರಿಗೆ ಅದನ್ನು ಹಾಕುವುದಿಲ್ಲ. ಹತ್ತೆಂಟು ಎಲೆ ಒಟ್ಟಿಗೆ ಬಾಯಿ ಬಿಟ್ಟರೆ ಯಾವುದು ಏನಂತು ಅಂತ ತಿಳಿಯುವುದು ಹೇಗೆ? ಇದು ನಮ್ಮೂರಿನಲ್ಲಿ ಲಂಗ ತೊಟ್ಟ ಹುಡುಗಿಗೂ ಗೊತ್ತು. ನನಗೂ ಗೊತ್ತಿತ್ತೋ ಏನೋ. ಸೊಪ್ಪನ್ನು ತಟ್ಟೆಯಲ್ಲಿ ನೋಡಿದ್ದೆನೇ ಹೊರತು ಕಟ್ಟಿನಲ್ಲಿ ನೋಡಿದವನಲ್ಲ.

ನಾನು ಮಾಡಿದ ಆ ಮೊದಲ ಅಡುಗೆಯ ವಿಚಾರ ಕೇಳಬೇಡಿ. ಸೊಪ್ಪನ್ನು ತೊಳೆಯುವುದಕ್ಕೆ ಮುಂಚೆ ಹೆಚ್ಚಿದೆ, ಹೆಚ್ಚಿದ ಮೇಲೆ ತೊಳೆದೆ. ನಿಂಗಿ ಗೋಡೆಗೆ ಒರಗಿಕೊಂಡೇ 'ಉರಿ ತಗ್ಗಿಸಿ, ಅಯ್ಯೋ ಸೌಟು ಕೊಡೀ ಇಲ್ಲಿ' ಅಂತ ಕೂಗುತ್ತಿದ್ದಳು. ಮುದ್ದೆ ಅಂತ ನಾನು ಕಟ್ಟಿದ್ದನ್ನು ನೋಡಿ ನಕ್ಕು ನಕ್ಕು ಕೆಮ್ಮು ಬಂತು. ತಟ್ಟೆ ಮುಂದಿಟ್ಟು ಎದುರಿಗೆ ಕೂತೆ. ಒಂದು ತುತ್ತು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು.

"ನಾಲಿಗೆ ಏನಂತು?"

"ಒಪ್ಪಿತು ಕಣ್ರೀ."

"ನಿಜವಾಗ್ಲೂ?"

"ಸಿಹಿ ಅಂದ್ರೆ ಸಿಹಿ" ಅಂದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ ಅಂಗಳಕ್ಕೆ ಬಂದು, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ನನ್ನ ಕೈಯ ಮೊದಲ ಅಡುಗೆಗೇ ನಾಲಿಗೆ ಒಪ್ಪಿತು ಅಂತ ಹೇಳಿದೆ. ಬದುಕುತ್ತಾಳೆ ಅನ್ನುವುದರ ಜೊತೆಗೆ, ನನಗೂ ಅಡುಗೆ ಬರುತ್ತದೆ ಅನ್ನುವ ಜಂಬವೂ ಸೇರಿಕೊಂಡಿತ್ತು. ಮಾರನೆಯ ದಿನ ಎದೆಯುಬ್ಬಿಸಿಕೊಂಡು ಹೊಂಬಾಳಕ್ಕನ ಮುಂದೆ ನಿಂತು ಇದ್ದದ್ದೆಲ್ಲ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಬೆರಕೆ ಸೊಪ್ಪು ಹಾಕಿದ್ಯಾ? ಊತ ಬಂದವ್ಳಿಗೆ? ಕೇಳ್ದಾಗ ನಿಜ ಹೇಳೋಕೆ ನಿಂಗೇನ್ ಬಂದಿತ್ತು ದೊಡ್ಡರೋಗ!" ಅಂತ ಬೈದು, ಹೊನಗೊನ್ನೆ ಸೊಪ್ಪನ್ನು ಬೇರೆಯಾಗಿ ಕಟ್ಟಿ ಕೊಟ್ಟಳು. "ಇದ್ರಿಂದ ಶುರು ಮಾಡು. ಒಂದೊಂದೇ ನೋಡ್ಕೊಂಡು ಹೋಗಾನ."

ಹೊನಗೊನ್ನೆ ಹಾಕಿದೆ. ಒಪ್ಪಿತು ಅಂದಳು. ಹಾಗಾದರೆ ಬೆರಕೆಯಲ್ಲಿ ಮಾತಾಡಿದ್ದು ಇದೇ ಎಲೆ ಅಂತ ನಾನೂ ಹೊಂಬಾಳಕ್ಕನೂ ನಿಟ್ಟುಸಿರು ಬಿಟ್ಟೆವು. ಅದನ್ನೇ ದಿನಾ ಹಾಕಿದೆ. ಊತ ಇಳಿಯಲಿಲ್ಲ. ಆದರೂ ನಾವು ಅವಸರದವರಲ್ಲ. ಇವತ್ತು ಉಂಡ ರಾಗಿ ನಾಳೆ ಬೆಳಿಗ್ಗೆ ತೋಳಿನಲ್ಲಿ ಕಾಣಬೇಕು ಅಂತ ಯಾರು ಕೇಳುತ್ತಾರೆ? ಊಟದ ಹಾಗೇ ಇದೂ, ನಿಧಾನವಾಗಿ ಮೈಗೆ ಹತ್ತುತ್ತದೆ. ಹೊಂಬಾಳಕ್ಕ ಮಧ್ಯೆ ಒಂದು ಸಲ ನುಗ್ಗೆ ಸೊಪ್ಪು ಕೊಟ್ಟು ನೋಡಿದಳು, ಅದನ್ನೂ ನಾಲಿಗೆ ಒಪ್ಪಿತು. ಗಣಿಕೆ ಸೊಪ್ಪನ್ನೂ ಒಪ್ಪಿತು. ಚಕ್ರಮುನಿಯನ್ನೂ ಒಪ್ಪಿತು. "ಇದೇನ್ ನಾಲಿಗೆಯಣ್ಣ, ಊರಿನ ಸೊಪ್ಪನ್ನೆಲ್ಲಾ ಒಪ್ತೈತಲ್ಲ" ಅಂತ ಹೊಂಬಾಳಕ್ಕ ಹುಬ್ಬೇರಿಸಿದಳು. ಮೈಯಲ್ಲಿ ಕೊರತೆ ಅಷ್ಟಿರಬೇಕು, ಅದಕ್ಕೇ ಸಿಕ್ಕಿದ್ದೆಲ್ಲ ಬೇಕು ಅನ್ನುತ್ತಿದೆ ಅಂತ ನಾವೇ ಸಮಾಧಾನ ಹೇಳಿಕೊಂಡೆವು. ನಂಬುವುದಕ್ಕೆ ಮನಸ್ಸಿದ್ದರೆ ಕಾರಣಗಳಿಗೆ ಬರವೇ?

ಊತ ಮೊಣಕಾಲು ದಾಟಿ ತೊಡೆಗೆ ಏರಿತು. ಮುಖ ಬೆಳಿಗ್ಗೆ ಹೊತ್ತು ಬೇರೆ ಯಾರದ್ದೋ ಮುಖದ ಹಾಗೆ ಕಾಣುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಕೂತೇ ನಿದ್ದೆ ಮಾಡುತ್ತಿದ್ದಳು. ನಾನು ಗಾದಿಯನ್ನು ಮಡಿಸಿ ಬೆನ್ನಿಗೆ ಒರಗು ಮಾಡಿಕೊಟ್ಟೆ. ಆದರೂ ತಟ್ಟೆ ಮುಂದಿಟ್ಟರೆ ಪೂರ್ತಿ ಉಣ್ಣುತ್ತಿದ್ದಳು, ಉಂಡು 'ಒಪ್ಪಿತು' ಅನ್ನುತ್ತಿದ್ದಳು. ನಾಲಿಗೆ ಒಪ್ಪಿದವಳನ್ನು ಹೊಳೆ ದಾಟಿಸುವುದು ಹೇಗೆ? ಅವಳು ಸಾಯುತ್ತಿದ್ದಾಳೆ ಅನ್ನುವುದು ನನ್ನ ಕಣ್ಣಿಗೆ ಕಾಣುತ್ತಿತ್ತು, ಬದುಕುತ್ತಾಳೆ ಅಂತ ಅವಳ ನಾಲಿಗೆ ಹೇಳುತ್ತಿತ್ತು. ನಾನು ನಾಲಿಗೆಯನ್ನೇ ನಂಬಿದೆ. ನಮ್ಮೂರಿನಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಮದುವೆ ಮನೆಯವರಿಗೆ ಗಾದಿ ಮುಗಿಸಿಕೊಡಬೇಕಿತ್ತು. ಒಲೆಯ ಮೇಲೆ ಸೊಪ್ಪಿಟ್ಟು, ಉಪ್ಪು ಹಾಕಿ, ಅಂಗಳದಲ್ಲಿ ಹತ್ತಿ ಹಿಂಜುತ್ತ ಕೂತೆ. ವಾಸನೆ ಬಂದಾಗ ಓಡಿಹೋದೆ. ಗಾಬರಿಯಲ್ಲಿ ನೀರು ಸುರಿದು, ಉಪ್ಪು ಹಾಕಿದ್ದೆನೋ ಇಲ್ಲವೋ ಅಂತ ಇನ್ನೊಂದು ಹಿಡಿ ಹಾಕಿ, ಕಲಸಿ ತಟ್ಟೆಗೆ ಬಡಿಸಿದೆ. ಹೊರಗೆ ಮದುವೆ ಮನೆಯ ಆಳು ಕೂಗುತ್ತಿದ್ದ. ನಿಂಗಿ ಎಂದಿನಂತೆ ಉಂಡಳು.

"ನಾಲಿಗೆ ಏನಂತು?"

"ಒಪ್ಪಿತು. ಚೆನ್ನಾಗೂ ಮಾಡಿದ್ದೀರಿ ಇವತ್ತು."

ಆಳನ್ನು ಕಳಿಸಿ ಒಳಗೆ ಬಂದು ಪಾತ್ರೆ ಕೆರೆಯುವಾಗ ತಳದಲ್ಲಿ ಉಳಿದದ್ದನ್ನು ಸುಮ್ಮನೆ ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡೆ. ಥೂ ಅಂತ ಉಗಿದೆ. ಉಪ್ಪಿನ ಗುಡ್ಡೆ, ಮೇಲೆ ಸೀದ ಕಮಟು. ನಗು ಬಂತು. ಇದನ್ನು ಹೇಗೆ ಉಂಡಳಪ್ಪ ಈ ಮಹಾತಾಯಿ ಅಂತ ನಗುತ್ತಲೇ ಎರಡನೆಯ ಸಲ ಪಾತ್ರೆಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಸೊಪ್ಪು ಸಿಹಿಯಾಗಲಿ ಕಹಿಯಾಗಲಿ, ಉಪ್ಪು ಎಲ್ಲರಿಗೂ ಉಪ್ಪೇ.

ಪಾತ್ರೆಯನ್ನು ಎತ್ತಿಕೊಂಡು ಹೋಗಿ ಅವಳ ಮುಂದೆ ಇಟ್ಟೆ. "ನಿಂಗಿ, ಉಪ್ಪು ಹೆಂಗಿತ್ತು?"

"ಸರಿಯಾಗಿತ್ತು."

"ಪಾತ್ರೆ ನೋಡು."

ಕಪ್ಪಾದ ತಳ ನೋಡಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಯಾವತ್ತಿಂದ?" ಅಂದೆ.

"ಬೈಬೇಡಿ."

"ಬೈಯಲ್ಲ, ಹೇಳು."

"ಮೊದಲನೇ ದಿನ ನಿಜವಾಗ್ಲೂ ಸಿಹಿ ಇತ್ತು. ನಿಮ್ಮಾಣೆ. ಬೆಲ್ಲದ ಪಾಕ ಇದ್ದಂಗಿತ್ತು. ಒಪ್ಪಿತು ಅಂದಾಗ ನಿಮ್ಮ ಮುಖ ನೋಡಿದೆ. ಮದುವೆ ದಿನಾನೂ ನಿಮ್ಮದು ಅಂಥಾ ಮುಖ ನಾನು ನೋಡಿರಲಿಲ್ಲ. ಮಾರನೇ ದಿನ ಅದೇ ಮುಖ ಹೊತ್ಕೊಂಡು ತಟ್ಟೆ ತಂದಿಟ್ರಿ. ಬಾಯಿಗಿಟ್ರೆ ಕಹಿ, ಬೇವಿಗಿಂತ ಕಹಿ. ಹೆಂಗೆ ಒಲ್ಲೆ ಅನ್ಲಿ? ನಾಳೆ ಹೇಳಾನ ಅಂದ್ಕೊಂಡೆ. ನಾಳೆ ನೀವು ಇನ್ನೂ ಬೇಗ ಎದ್ದು ಒಲೆ ಊದ್ತಿದ್ರಿ."

"ಎಲ್ಲಾ ಕಹೀನೇ?"

"ಎಲ್ಲಾನೂ."

ನನಗೆ ಸಿಟ್ಟು ನೆತ್ತಿಗೇರಿತು. ಕಹಿಯಾದದ್ದು ಅಂದರೆ ಮೈಗೆ ಬೇಡವಾದದ್ದು. ಇಷ್ಟು ದಿನ ನನ್ನ ಕೈಯಾರೆ ಬೇಡವಾದದ್ದನ್ನೇ ಉಣ್ಣಿಸಿದ್ದೆ, ಉಣ್ಣಿಸಿ ಎದುರಿಗೆ ಕೂತು ಖುಷಿಪಟ್ಟಿದ್ದೆ. "ಪ್ರಾಣ ಹೋಗ್ತಿದೆಯಲ್ಲೇ! ಸಾರಿನ ಮರ್ಯಾದೆ ಹೆಚ್ಚಾಯ್ತಾ ನಿನಗೆ?" ಅಂತ ಕಿರುಚಿದೆ.

ಅವಳೂ ಉಸಿರು ಹಿಡಿದುಕೊಂಡು ತಿರುಗಿಬಿದ್ದಳು. "ನೀವು ಇಷ್ಟು ವರ್ಷ ಚೆನ್ನಾಗೈತೆ ಚೆನ್ನಾಗೈತೆ ಅಂತ ತಲೆ ಬಗ್ಗಿಸ್ಕೊಂಡು ಉಂಡ್ರಲ್ಲ. ಅದೆಲ್ಲಾ ನಿಜಾನಾ?"

"ಅದು ಬೇರೆ."

"ಹೆಂಗೆ ಬೇರೆ? ಅದೂ ಊಟ, ಇದೂ ಊಟ."

ಊಟಕ್ಕೂ ಔಷಧಕ್ಕೂ ಭೇದವಿಲ್ಲ ಅನ್ನುತ್ತ ಬಂದವರೇ ನಾವು. ನಾನು ಪಾತ್ರೆಯನ್ನು ಬಚ್ಚಲಿಗೆ ಎಸೆದು, ಗಾಡಿ ಕಟ್ಟುವ ಜವನಯ್ಯನ ಮನೆಗೆ ಹೋಗಿ, ಮಾರನೆಯ ದಿನ ಬೆಳಗಾಗುತ್ತಲೇ ಹೊಳೆಯಾಚೆಗೆ ಹೊರಡಬೇಕು ಅಂತ ಹೇಳಿ ಬಂದೆ. ಅವತ್ತು ದೋಣಿಯವರಿಗೆ ರಜೆ, ಇಲ್ಲದಿದ್ದರೆ ಆಗಲೇ ಹೊರಟುಬಿಡುತ್ತಿದ್ದೆ. ವಾಪಸು ಬಂದಾಗ ನಿಂಗಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

"ಆಸ್ಪತ್ರೆಗೆ ಬರ್ತೀನಿ" ಅಂದಳು. "ಬರಲ್ಲ ಅನ್ನಲ್ಲ. ಆದ್ರೆ ಆ ಮೊದಲನೇ ದಿನದ್ದು ಸುಳ್ಳಲ್ಲ ಕಣ್ರೀ. ಆ ಕಟ್ಟಿನಲ್ಲಿ ಯಾವುದೋ ಒಂದು ಎಲೆ ನನ್ನನ್ನ ಕರೀತು. ಅದು ಯಾವುದು ಅಂತ ನೋಡಿ ಹೋಗಾನ."

ಅದನ್ನಾದರೂ ನಂಬಬೇಕೇ ಅಂತ ಯೋಚಿಸುತ್ತ ನಾನು ಬಾಗಿಲಲ್ಲೇ ನಿಂತೆ. ಸುಮ್ಮನೆ ಕೂತರೆ ಹೊತ್ತು ಹೋಗುವ ಹಾಗೂ ಇರಲಿಲ್ಲ. ಹೊಂಬಾಳಕ್ಕನ ಹತ್ತಿರ ಓಡಿದೆ.

ಎಲ್ಲ ಕೇಳಿ ಅವಳು ನನ್ನನ್ನು ಬೈಯಲಿಲ್ಲ, ನಿಂಗಿಯನ್ನೂ ಬೈಯಲಿಲ್ಲ. "ನಮ್ಮ ಹೆಂಗಸರ ಬಾಯಲ್ಲಿ ಒಲ್ಲೆ ಅನ್ನೋ ಮಾತು ಬರೋದು ಕಷ್ಟ ಕಣಣ್ಣ" ಅಂದಳು, ಅಷ್ಟೆ. ಗೋಣಿಚೀಲ ಸುತ್ತಿ ಎದ್ದಳು. ಅವತ್ತಿನ ಕಟ್ಟಿನಲ್ಲಿ ಏನೇನಿತ್ತು ಅಂತ ಅವಳಿಗೂ ನೆನಪಿರಲಿಲ್ಲ. ಯಾವ ಹೊಲದ ಬದುವಿನಲ್ಲಿ ಕಿತ್ತದ್ದು ಅನ್ನುವುದು ಮಾತ್ರ ನೆನಪಿತ್ತು. ಇಬ್ಬರೂ ಅಲ್ಲಿಗೆ ಹೋದೆವು. ಬಿಸಿಲು ಏರಿ ಹುಲ್ಲು ಒಣಗಲು ಶುರುವಾಗಿತ್ತು. ಅವಳು ಬಗ್ಗಿ ಕೀಳುತ್ತ ಹೋದಳು, ನಾನು ಪಂಚೆಯ ಮಡಿಲಲ್ಲಿ ತುಂಬಿಕೊಳ್ಳುತ್ತ ಹಿಂದೆ ಹೋದೆ. ಅಣ್ಣೆಸೊಪ್ಪು, ಕಿರಕಸಾಲೆ, ಗೋಣಿಸೊಪ್ಪು, ಮುಳ್ಳುಹರಿವೆ, ಹೆಸರು ಅವಳು ಹೇಳಿದರೂ ನಾನು ಅಲ್ಲೇ ಮರೆತ ಇನ್ನೂ ಕೆಲವು.

ಮನೆಗೆ ಬಂದು ಅಂಗಳದಲ್ಲಿ ಸುರಿದುಕೊಂಡು ಬೇರೆ ಮಾಡಿದೆವು. ಆ ಕೆಲಸ ನನಗೆ ಬರುತ್ತಿತ್ತು. ಹತ್ತಿಯಲ್ಲಿ ಬೀಜ, ಕಸ ಆರಿಸಿದ ಕೈ. ಹೊಂಬಾಳಕ್ಕ ತನ್ನ ಮನೆಯ ಕುಡಿಕೆಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದಳು. ಒಂದೊಂದು ಸೊಪ್ಪಿಗೆ ಒಂದೊಂದು ಕುಡಿಕೆ. ಒಲೆ ನಮ್ಮದು, ಬೇಯಿಸುವವನು ನಾನು. ಅವಳು ಮುಟ್ಟುವ ಹಾಗಿಲ್ಲ, ಹೊಸಿಲ ಹೊರಗೆ ಕೂತು 'ಉಪ್ಪು ಒಂದೇ ಸಲ ಕಣಣ್ಣ' ಅಂತ ಕಾವಲು ಕಾಯುತ್ತಿದ್ದಳು.

ಮೊದಲ ಕುಡಿಕೆ ಇಟ್ಟೆ. ನಿಂಗಿ ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು.

"ನನ್ನ ಮುಖ ನೋಡಬೇಡ" ಅಂದೆ. "ನಾಲಿಗೆ ಏನಂತು?"

ತುತ್ತನ್ನು ಎಷ್ಟೋ ಹೊತ್ತು ಬಾಯಲ್ಲೇ ಹೊರಳಿಸಿದಳು. ಆಮೇಲೆ, ಯಾರನ್ನೋ ಬೈಯಲು ಹೆದರುವವಳ ಹಾಗೆ, ಸಣ್ಣ ದನಿಯಲ್ಲಿ "ಒಲ್ಲೆ ಅಂತು" ಅಂದಳು.

ನನಗೆ ಭಯವಾಯಿತು, ಜೊತೆಗೇ ಏನೋ ಹಗುರವೂ ಆಯಿತು. ಎರಡನೆಯದಕ್ಕೆ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಮೂರನೆಯದನ್ನು ಬಾಯಲ್ಲಿ ಹೊರಳಿಸದೆ ತಟ್ಟೆಯ ಅಂಚಿಗೆ ಉಗಿದೇಬಿಟ್ಟಳು. "ಇದು ಒಲ್ಲೆ ಅಂತು. ಇದಂತೂ ಒಲ್ಲೇ ಒಲ್ಲೆ ಅಂತು. ಇದು ಬರೀ ಸಾರು, ಅದೂ ಹುಳಿ ಸಾಲದು. ಬೇಳೆ ಬೆಂದಿಲ್ಲ. ನೀವು ಬೇಳೆ ಯಾವತ್ತೂ ಬೇಯಿಸಲೇ ಇಲ್ಲ ಕಣ್ರೀ, ಒಂದು ದಿನಾನೂ." ಹೇಳುತ್ತ ಹೇಳುತ್ತ ಅವಳ ದನಿಗೆ ಬಲ ಬಂತು. ಹೊಸಿಲಲ್ಲಿ ಹೊಂಬಾಳಕ್ಕ ನಗುತ್ತಿದ್ದಳು. ನಾನೂ ನಗಬೇಕಿತ್ತು. ಆದರೆ ಕುಡಿಕೆಗಳು ಒಂದೊಂದಾಗಿ ಬದಿಗೆ ಸರಿಯುತ್ತಿದ್ದವು, ಹೊತ್ತು ಇಳಿಯುತ್ತಿತ್ತು, ಅವಳು ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದಳು. ಕೊನೆಯ ಕುಡಿಕೆಯೂ ಒಲ್ಲೆ ಅಂತು.

ನಿಂಗಿ ಕೈ ತೊಳೆದುಕೊಂಡು ಹಿಂದಕ್ಕೆ ಒರಗಿದಳು. "ಇತ್ತು ಕಣ್ರೀ" ಅಂದಳು. "ನಾನು ಸುಳ್ಳು ಹೇಳ್ತಿಲ್ಲ." ನಾನು ಅವಳನ್ನು ನಂಬಲಿಲ್ಲ. ಆ ಮೊದಲ ದಿನವೂ ನನ್ನ ಮುಖ ನೋಡಿಯೇ ಒಪ್ಪಿತು ಅಂದಿರಬೇಕು, ಈಗ ಅದನ್ನೊಂದನ್ನಾದರೂ ಉಳಿಸಿಕೊಳ್ಳುವುದಕ್ಕೆ ಒದ್ದಾಡುತ್ತಿದ್ದಾಳೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಅವಳಿಗೆ ತಿಳಿಯಿತು. ಕಣ್ಣು ತುಂಬಿಕೊಂಡು ಆ ಕಡೆ ತಿರುಗಿದಳು.

ಹೊಂಬಾಳಕ್ಕ ಎದ್ದು ಸೀರೆ ಕೊಡವಿಕೊಂಡವಳು ಹಾಗೇ ನಿಂತಳು. "ಮುದ್ದಣ್ಣ, ಅವತ್ತು ಕಟ್ಟು ಬಿಚ್ಚಿ ಹಂಬು ಏನ್ ಮಾಡ್ದೆ?"

"ಯಾವ ಹಂಬು?"

"ಸೊಪ್ಪು ಕಟ್ಟಿದ್ದ ಹಂಬು. ಬಿಚ್ಚಿ ಎಸೆದ್ಯಾ?"

"ಬಿಚ್ಚೋದು ಯಾಕೆ? ಕಟ್ಟು ಕಟ್ಟೇ ಇಟ್ಟು ಹೆಚ್ಚಿದೆ" ಅಂದೆ.

"ಅಯ್ಯೋ ನಿನ್ನ ಮನೆ ಕಾಯ್ವಾಗ! ಕಟ್ಟಿದ್ದ ಹಂಬನ್ನೂ ಬೇಯಿಸಿದ್ಯಾ?" ಅಂತ ಬಾಯಿಗೆ ಕೈ ಇಟ್ಟುಕೊಂಡಳು. ಅವಳು ಕೂರುವ ಮೂಲೆಯ ಹಿಂದೆ ಕೊಮ್ಮೆ ಅನ್ನುವ ಬಳ್ಳಿಯ ಹಂಬು ನೆಲದುದ್ದಕ್ಕೂ ಹಬ್ಬಿದೆ. ಬಾಳೆನಾರು ಮುಗಿದ ದಿನ ಅದನ್ನೇ ಕಿತ್ತು ಕಟ್ಟು ಕಟ್ಟುತ್ತಾಳೆ. ತಿನ್ನುವ ಸೊಪ್ಪೇ, ಆದರೆ ಕಾಲಡಿಯಲ್ಲಿ ಬೆಳೆಯುತ್ತದೆ ಅಂತ ಯಾರೂ ಕೊಳ್ಳುವುದಿಲ್ಲ. ಅಡುಗೆ ಬಲ್ಲ ಯಾವ ಹೆಂಗಸೂ ಕಟ್ಟಿನ ಹಂಬನ್ನು ಪಾತ್ರೆಗೆ ಹಾಕುವುದಿಲ್ಲ. ಅಂಥ ಕೆಲಸಕ್ಕೆ ನಾನೇ ಬೇಕಿತ್ತು.

ಅವಳು ಬೀದಿಯ ಮೂಲೆಗೆ ಓಡಿಹೋಗಿ ಉಡಿತುಂಬ ಕೊಮ್ಮೆ ತಂದಳು. ಕೆಂಪು ದಂಟು, ಸಣ್ಣ ಎಲೆ. ತೊಳೆದು ಆಮೇಲೆ ಹೆಚ್ಚಿದೆ. ಬೇಳೆಯನ್ನು ಬೆರಳಲ್ಲಿ ಹಿಸುಕಿ ಬೆಂದಿದೆ ಅಂತ ನೋಡಿಕೊಂಡು ಇಳಿಸಿದೆ. ಇಷ್ಟು ದಿನದಲ್ಲಿ ನಾನು ಸರಿಯಾಗಿ ಮಾಡಿದ ಅಡುಗೆ ಅಂದರೆ ಅದೊಂದೇ ಇರಬೇಕು. ಮುದ್ದೆಯ ಪಕ್ಕ ಬಡಿಸಿ ಎದುರಿಗೆ ಕೂತೆ. ಕೇಳಬೇಕಾದ ಮಾತನ್ನು ಮಾತ್ರ ಕೇಳದೆ ಸೌಟು ಹಿಡಿದುಕೊಂಡೇ ಇದ್ದೆ. ಒಪ್ಪಿತು ಅಂದರೆ ನಂಬುವುದು ಹೇಗೆ? ಆಣೆ ಇಟ್ಟು ಅಂದರೂ, ಕಣ್ಣು ಮುಚ್ಚಿ ಅಂದರೂ, ನನ್ನ ಮುಖ ನೋಡಿ ಹೇಳಿದ್ದೋ ನಾಲಿಗೆ ಕೇಳಿ ಹೇಳಿದ್ದೋ ಅಂತ ನನಗೆ ತಿಳಿಯುವ ಬಗೆ ಯಾವುದು? ಸೊಪ್ಪನ್ನು ನಂಬುತ್ತೇವೆ ಅಂತ ನಾವು ಊರಿಗೆ ಊರೇ ಹೇಳಿಕೊಂಡು ಬಂದದ್ದು. ನಿಜವಾಗಿ ನಾವು ನಂಬಿದ್ದು ಎದುರಿಗೆ ಕೂತು ಉಣ್ಣುವವರ ಮಾತನ್ನು. ಆ ನಂಬಿಕೆಯೇ ಬೆಳಿಗ್ಗೆ ನನ್ನಿಂದ ಹೋಗಿಬಿಟ್ಟಿತ್ತು.

ನಿಂಗಿ ಮುನಿಸಿನಲ್ಲೇ ತುತ್ತು ಮುರಿದು ಬಾಯಿಗಿಟ್ಟುಕೊಂಡಳು. ಇನ್ನೊಂದು ತುತ್ತು. ಇನ್ನೊಂದು. ಅವಳ ಕಣ್ಣು ನನ್ನ ಮುಖದ ಕಡೆ ಬರಲಿಲ್ಲ, ತಟ್ಟೆಯಿಂದ ಮೇಲೇಳಲೇ ಇಲ್ಲ. ತಟ್ಟೆ ಬರಿದಾದ ಕೂಡಲೇ ನನ್ನ ಕಡೆ ಚಾಚಿದಳು. ಬಡಿಸಿದೆ. ಮುದ್ದೆ ಮುಗಿದಿತ್ತು, ಸೊಪ್ಪನ್ನೇ ಕೈಯಲ್ಲಿ ಬಾಚಿ ಬಾಚಿ ಉಂಡಳು. ನಾನು ಸೌಟು ಹಾಕಲು ಹೋದರೆ ತಡವಾಯಿತು ಅನ್ನುವ ಹಾಗೆ ಕುಡಿಕೆಯನ್ನೇ ಎಳೆದುಕೊಂಡು, ಬೆರಳಲ್ಲಿ ತಳ ಬಳಿದು, ಬೆರಳು ನೆಕ್ಕಿದಳು. ಗಲ್ಲದ ಮೇಲೆ ಸಾರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಈ ಮನೆಯಲ್ಲಿ ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ಅವಳು ಉಣ್ಣುವುದನ್ನೇ ನೋಡಿರಲಿಲ್ಲ ಅಂದರೂ ಸರಿ, ನಾನು ಉಂಡು ಎದ್ದು ಹೋದ ಮೇಲೆ ಅವಳು ಕೂರುತ್ತಿದ್ದದ್ದು.

ಕುಡಿಕೆಯಲ್ಲಿ ಏನೂ ಉಳಿಯದಾದಾಗ ತಲೆಯೆತ್ತಿದಳು. ನಾನು ಅಲ್ಲಿ ಕೂತಿರುವುದು ಆಗಷ್ಟೇ ಕಂಡ ಹಾಗೆ ಗಾಬರಿಯಾದಳು.

"ಅಯ್ಯೋ" ಅಂದಳು, "ನೀವು ಬೆಳಗಿಂದ ಏನೂ ಉಂಡಿಲ್ಲ. ನಿಮಗೆ ಅಂತ ಒಂದು ತುತ್ತೂ ಬಿಡಲಿಲ್ವಲ್ಲ ನಾನು!"

ನಾಲಿಗೆ ಏನಂತು ಅಂತ ನಾನು ಕೇಳಲೇ ಇಲ್ಲ. ಹೊಸಿಲಲ್ಲಿ ಹೊಂಬಾಳಕ್ಕ ನೋಡುತ್ತಿದ್ದಾಳೆ ಅನ್ನುವ ನಾಚಿಕೆಯೂ ಇಲ್ಲದೆ, ಖಾಲಿ ಕುಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತುಬಿಟ್ಟೆ.